ಚಿಟಿಕೆ ಬೂದಿ

ನಮ್ಮ ಅಜ್ಜಿಗೆ ಬೂದಿ ಎಂದರೆ ಕಸವಾಗಿರಲಿಲ್ಲ. ಬೆಳಿಗ್ಗೆ ಬಚ್ಚಲ ಒಲೆಯ ಬೂದಿ ತೆಗೆದು, ಆರಿದ ಮೇಲೆ ಜರಡಿ ಹಿಡಿದು, ಇದ್ದಿಲ ಚೂರುಗಳನ್ನು ಬೇರೆ ಮಾಡಿ ಒಂದು ಹಳೆಯ ತಗಡಿನ ಡಬ್ಬಕ್ಕೆ ತುಂಬಿಡುತ್ತಿದ್ದಳು. ಅದರಲ್ಲಿ ಒಂದು ಪಾಲು ಪಾತ್ರೆ ತಿಕ್ಕುವುದಕ್ಕೆ, ಇನ್ನೊಂದು ಪಾಲು ಬಿತ್ತನೆ ಬೀಜದ ಮಡಕೆಗೆ, ಉಳಿದದ್ದು ಹಿತ್ತಲಿಗೆ. ಹಿತ್ತಲಲ್ಲೂ ಎಲ್ಲ ಗಿಡಗಳಿಗೆ ಸಮಪಾಲಿಲ್ಲ. ಅಲಸಂದೆಗೆ ಮೊದಲ ಮರ್ಯಾದೆ, ಆಮೇಲೆ ಅವರೆಗೆ, ಬಾಕಿ ಉಳಿದರೆ ಬದನೆಗೆ.

ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದ ಕಾಲ. ದೀಪಾವಳಿ ರಜಕ್ಕೆ ಊರಿಗೆ ಹೋಗಿದ್ದೆ. ತಲೆಯಲ್ಲಿ ಸಸ್ಯಶಾಸ್ತ್ರ ತುಂಬಿಕೊಂಡಿತ್ತು. ಅಜ್ಜಿ ಅಲಸಂದೆ ಸಾಲಿಗೆ ಬೂದಿ ಎರಚುತ್ತಿದ್ದುದನ್ನು ನೋಡಿ, "ಅಜ್ಜೀ, ಇದಕ್ಕೆ ಗೊಬ್ಬರವೇ ಬೇಡ. ಇದರ ಬೇರಲ್ಲಿ ಗಂಟುಗಳಿವೆ, ಗಾಳಿಯಿಂದಲೇ ಸಾರಜನಕ ಮಾಡಿಕೊಳ್ಳುತ್ತದೆ. ಬೂದಿಯಲ್ಲಿ ಸಾರಜನಕ ಎಲ್ಲಿದೆ? ಎಲ್ಲ ಸುಟ್ಟು ಹೋಗಿರುತ್ತದೆ" ಎಂದು ಪಾಠ ಹೇಳಿದೆ. ಅಜ್ಜಿ ಕೈ ನಿಲ್ಲಿಸಲಿಲ್ಲ. "ಹಂಗಾರೆ ಆ ಕಡೀ ಸಾಲು ನಿಂದು. ಅದಕ್ಕೆ ಹಾಕುದಿಲ್ಲ ಮಾರಾಯ್ತಿ, ನೀನೇ ನೋಡ್ಕೊ" ಎಂದಳು.

ಸಂಕ್ರಾಂತಿಗೆ ಹೋದಾಗ ನನ್ನ ಸಾಲು ತಿಳಿಹಳದಿಯಾಗಿ ಸೊರಗಿ ನಿಂತಿತ್ತು. ಅವಳ ಸಾಲುಗಳು ಕಡುಹಸಿರು. ನಾನು ಸೋಲೊಪ್ಪಲಿಲ್ಲ. ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ, ಹುಳ ಬರುವುದಿಲ್ಲ ಎಂದೇನೇನೋ ವಿವರಣೆ ಕೊಟ್ಟೆ. ಅವಳು ಏನೂ ಹೇಳದೆ ಹುಳಿಗೆ ತನ್ನ ಸಾಲಿನ ಅಲಸಂದೆಯನ್ನೇ ಕೊಯ್ದು ಹೆಚ್ಚಿದಳು. ಆ ಮೌನ ನನಗೆ ಬಹಳ ವರ್ಷ ಚುಚ್ಚುತ್ತಿತ್ತು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲವಲ್ಲ! ಬೂದಿಯಲ್ಲಿ ಸಾರಜನಕವಿಲ್ಲ, ಅಲಸಂದೆ ಗಾಳಿಯಿಂದ ಸಾರಜನಕ ಹಿಡಿಯುತ್ತದೆ. ಎರಡೂ ನಿಜ. ಹಾಗಾದರೆ ಎಲೆ ಹಳದಿಯಾದದ್ದೇಕೆ?

ಉತ್ತರ ಸಿಕ್ಕಿದ್ದು ಅಜ್ಜಿ ಹೋದ ಎಷ್ಟೋ ವರ್ಷಗಳ ಮೇಲೆ, ಆಸ್ಟ್ರೇಲಿಯಾದ ಒಂದು ಹುಲ್ಲುಗಾವಲಿನ ಕಥೆ ಓದುವಾಗ. ಆದರೆ ಆ ಕಥೆಗೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಅನ್ನದಲ್ಲಿ, ಬೇಳೆಯಲ್ಲಿ, ನಮ್ಮ ಮೈಯ ಮಾಂಸದಲ್ಲಿ ಇರುವುದೂ ಅದೇ. ಆದರೆ ಗಾಳಿಯಲ್ಲಿ ಅದು ಎರಡೆರಡು ಪರಮಾಣುಗಳ ಜೋಡಿಯಾಗಿ, ಒಂದನ್ನೊಂದು ಮೂರು ಕೈಗಳಿಂದ ತಬ್ಬಿಕೊಂಡಂತೆ ಇರುತ್ತದೆ. ಆ ಅಪ್ಪುಗೆ ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ, ಯಾವ ಪ್ರಾಣಿಗೂ ಇಲ್ಲ. ಉಗ್ರಾಣದ ತುಂಬ ಅಕ್ಕಿ ಇದ್ದು, ಬೀಗದ ಕೈ ಕಳೆದುಹೋದ ಮನೆಯ ಹಾಗೆ.

ದ್ವಿದಳ ಧಾನ್ಯದ ಗಿಡಗಳು ಹೇಗೋ ಆ ಉಗ್ರಾಣಕ್ಕೆ ಕೈಹಾಕುತ್ತವೆ ಎಂದು ಮೊದಲು ಲೆಕ್ಕವಿಟ್ಟು ತೋರಿಸಿದವನು ಫ್ರಾನ್ಸಿನ ಬೂಸಿಂಗೋ. ಮಾವನ ಮನೆಯ ಕಡೆಯಿಂದ ಕೈಗೆ ಬಂದ ಅಲ್ಸೇಸಿನ ಜಮೀನಿನಲ್ಲಿ ಪ್ರಯೋಗ ನಡೆಸುತ್ತಿದ್ದವನು. 1838ರಲ್ಲಿ ಆತ, ಸುಟ್ಟ ಮರಳಿನಲ್ಲಿ ಬೆಳೆದ ಬಟಾಣಿ ಮತ್ತು ಕ್ಲೋವರ್ ಗಿಡಗಳಲ್ಲಿ ಬೀಜದಲ್ಲಿದ್ದುದಕ್ಕಿಂತ ಹೆಚ್ಚು ಸಾರಜನಕ ಇದೆ, ಗೋಧಿಯಲ್ಲಿ ಹಾಗಿಲ್ಲ ಎಂದು ಹೇಳಿದ. ಕ್ಲೋವರ್ ಎಂದರೆ ನಮ್ಮ ಮೆಂತ್ಯದ ದಾಯಾದಿ, ಮೂರೆಲೆಯ ಮೇವಿನ ಗಿಡ. ಮುಂದೆ ಇನ್ನೂ ಎಚ್ಚರಿಕೆಯಿಂದ, ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಬೆಳೆಸಿ ನೋಡಿದಾಗ ಆ ಲಾಭ ಕಾಣಲಿಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಲಾಸ್, ಗಿಲ್ಬರ್ಟ್ ಮತ್ತು ಪ್ಯೂ 1857ರಿಂದ ಅದೇ ಪ್ರಯೋಗವನ್ನು ಇನ್ನೂ ಮಡಿಯಿಂದ ಮಾಡಿದರು. ಮಣ್ಣನ್ನು ಕೆಂಪಗೆ ಕಾಸಿದರು, ಗಾಳಿಯನ್ನು ತೊಳೆದು ಒಳಗೆ ಬಿಟ್ಟರು. ಗಿಡಗಳು ಸೊರಗಿದವು. ಗಿಡ ಗಾಳಿಯ ಸಾರಜನಕವನ್ನು ತಿನ್ನುವುದಿಲ್ಲ ಎಂದು 1861ರಲ್ಲಿ ತೀರ್ಪು ಬಂತು. ಇಪ್ಪತ್ತೈದು ವರ್ಷ ಆ ತೀರ್ಪು ನಿಂತಿತು.

ಅತಿ ಮಡಿಯಿಂದ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ? ಹಾಲನ್ನು ಚೆನ್ನಾಗಿ ಕಾಯಿಸಿ, ಪಾತ್ರೆ ಫಳಫಳ ತೊಳೆದು, ಹೆಪ್ಪು ಹಾಕದೆ ಮುಚ್ಚಿಟ್ಟರೆ ಬೆಳಿಗ್ಗೆ ಮೊಸರು ಸಿಗುತ್ತದೆಯೇ? ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಕಂಡುಕೊಂಡದ್ದು ಇದನ್ನೇ. ಅವರ ಕುಂಡಗಳಲ್ಲಿ ಓಟ್ಸ್ ಗಿಡಗಳು ಕೊಟ್ಟ ಗೊಬ್ಬರಕ್ಕೆ ತಕ್ಕಂತೆ ಲೆಕ್ಕದ ಪ್ರಕಾರ ಬೆಳೆದವು. ಬಟಾಣಿ ಮಾತ್ರ ಯಾವ ಲೆಕ್ಕಕ್ಕೂ ಸಿಕ್ಕಲಿಲ್ಲ. ಒಂದೇ ಮರಳು, ಒಂದೇ ನೀರು, ಆದರೆ ಒಂದು ಕುಂಡದಲ್ಲಿ ಸೊಂಪು, ಪಕ್ಕದ್ದರಲ್ಲಿ ಸಾವು. ಚೆನ್ನಾಗಿ ಬೆಳೆದವುಗಳ ಬೇರಿನಲ್ಲಿ ಗಂಟುಗಳಿದ್ದವು. ಹೊಲದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಹಾಕಿದರೆ ಸಾಯುವ ಗಿಡವೂ ಚಿಗುರುತ್ತಿತ್ತು. ಅದೇ ನೀರನ್ನು ಕುದಿಸಿ ಹಾಕಿದರೆ ಏನೂ ಇಲ್ಲ. 1886ರಲ್ಲಿ ಬರ್ಲಿನ್ನಿನ ಸಭೆಯಲ್ಲಿ ಇದನ್ನು ಹೇಳಿದರು. ಎರಡು ವರ್ಷದ ಮೇಲೆ ಹಾಲೆಂಡಿನ ಬೈಜೆರಿಂಕ್ ಆ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ಬೀಗದ ಕೈ ಇರುವುದು ಗಿಡದ ಬಳಿ ಅಲ್ಲ, ಬೇರಿನಲ್ಲಿ ಬಾಡಿಗೆಗಿರುವ ಈ ಸೂಕ್ಷ್ಮಜೀವಿಗಳ ಬಳಿ. ಬೈಜೆರಿಂಕ್ 1901ರಲ್ಲಿ ಗಿಡದ ಹಂಗಿಲ್ಲದೆ ಮಣ್ಣಿನಲ್ಲೇ ಸಾರಜನಕ ಹಿಡಿಯುವ ಇನ್ನೊಂದು ಜೀವಿಯನ್ನೂ ಕಂಡ. ಅದರ ಹೆಸರು ಅಜೋಟೋಬ್ಯಾಕ್ಟರ್.

ನಾನು ಕಾಲೇಜಿನಲ್ಲಿ ಓದಿದ್ದು ಇಲ್ಲಿಯವರೆಗೆ. ಆ ಕೈ ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ ನಮ್ಮ ಪಠ್ಯದಲ್ಲಿ ಇರಲೇ ಇಲ್ಲ. ಇದ್ದಿದ್ದರೂ ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿರುತ್ತಿದ್ದೆನೇನೋ.

ಅಷ್ಟರಲ್ಲಿ ಮನುಷ್ಯರೂ ತಮ್ಮದೇ ಒಂದು ಕೈ ಮಾಡಿಕೊಂಡಿದ್ದರು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್, ಗಾಳಿಯ ಸಾರಜನಕವನ್ನೂ ಜಲಜನಕವನ್ನೂ ಭಾರಿ ಒತ್ತಡದಲ್ಲಿ ಕಾಸಿ, ಆಸ್ಮಿಯಂ ಎಂಬ ದುರ್ಲಭ ಲೋಹದ ಮೇಲೆ ಹಾಯಿಸಿ ಅಮೋನಿಯಾ ಹನಿಸಿ ತೋರಿಸಿದ. ಲೋಕಕ್ಕೆಲ್ಲ ಗೊಬ್ಬರ ಮಾಡಲು ಆಸ್ಮಿಯಂ ಎಲ್ಲಿಂದ ತರುವುದು? ಬಿಎಎಸ್ಎಫ್ ಕಂಪನಿಯ ಮಿಟಾಷ್ ಬೇರೆ ಲೋಹ ಹುಡುಕುತ್ತ ಸಾವಿರಾರು ಸಲ ಪರೀಕ್ಷಿಸಿದ. ಕೊನೆಗೆ ಗೆದ್ದದ್ದು ಸ್ವೀಡನ್ನಿನ ಗಣಿಯ ಒಂದು ಕಬ್ಬಿಣದ ಅದಿರು. ಅಪ್ಪಟ ಕಬ್ಬಿಣ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಆ ಅದಿರಿನಲ್ಲಿ ಬೆರೆತಿದ್ದ ಕಲ್ಮಷವೇ ಕಬ್ಬಿಣಕ್ಕೆ ಬಲ ಕೊಟ್ಟಿತ್ತು. ಈ ವಿವರ ನನಗೆ ಬಹಳ ಇಷ್ಟ. 1913ರಲ್ಲಿ ಓಪ್ಪಾವಿನಲ್ಲಿ ಕಾರ್ಖಾನೆ ಶುರುವಾಯಿತು. ಇಂದು ಲೋಕದ ಸುಮಾರು ಅರ್ಧ ಜನರ ಊಟ ಆ ವಿಧಾನದ ಗೊಬ್ಬರದ ಮೇಲೆ ನಿಂತಿದೆ ಎಂದು ಅಂದಾಜು ಮಾಡುತ್ತಾರೆ. ಯುದ್ಧದಲ್ಲಿ ಸಿಡಿಮದ್ದಿಗೂ ಅದೇ ಅಮೋನಿಯಾ ಬೇಕಾಯಿತು.

ಹಾಬರನ ಹೆಂಡತಿ ಕ್ಲಾರಾ ಇಮ್ಮರ್‌ವಾರ್ ಕೂಡ ರಸಾಯನಶಾಸ್ತ್ರಜ್ಞೆ. 1900ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಹೆಣ್ಣು. ಅವಳ ಪ್ರಬಂಧ ಪಾದರಸ, ತಾಮ್ರ, ಸೀಸ, ಸತು ಮುಂತಾದ ಲೋಹಗಳ ಲವಣಗಳು ನೀರಿನಲ್ಲಿ ಎಷ್ಟು ಕರಗುತ್ತವೆ ಎಂಬುದರ ಮೇಲೆ. ಮದುವೆಯಾದದ್ದು 1901ರಲ್ಲಿ. ಆಮೇಲೆ ಅವಳ ಪಾಲಿಗೆ ಪ್ರಯೋಗಶಾಲೆ ಇಲ್ಲವೆಂಬಷ್ಟು ಕಡಿಮೆಯಾಯಿತು. 1915ರ ಏಪ್ರಿಲ್‌ನಲ್ಲಿ ಹಾಬರ್ ಯುದ್ಧಭೂಮಿಯಲ್ಲಿ ವಿಷಾನಿಲ ಬಿಡಿಸಿದ. ಮೇ 2ರಂದು ಕ್ಲಾರಾ ಗಂಡನ ಪಿಸ್ತೂಲಿನಿಂದಲೇ ಪ್ರಾಣ ಕಳೆದುಕೊಂಡಳು. ಗೊಬ್ಬರದ ಚೀಲ ನೋಡಿದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ.

ಕಾರ್ಖಾನೆಗೆ ಬೇಕಾದ ಶಾಖ 400 ಡಿಗ್ರಿಗೂ ಮೇಲೆ, ಒತ್ತಡ ಗಾಳಿಯ ಒತ್ತಡದ ಇನ್ನೂರು ಪಟ್ಟು. ಅದೇ ಕೆಲಸವನ್ನು ಅಲಸಂದೆಯ ಬೇರು ನಮ್ಮ ಹಿತ್ತಲ ತಂಪಿನಲ್ಲಿ, ಒದ್ದೆ ಮಣ್ಣಿನಲ್ಲಿ, ಸದ್ದಿಲ್ಲದೆ ಮಾಡುತ್ತದೆ. ಅದರ ಬಳಿ ಇರುವ ಲೋಹ ಯಾವುದು?

ಬರ್ಲಿನ್ನಿನ ಹರ್ಮನ್ ಬೋರ್ಟೆಲ್ಸ್ ಅಜೋಟೋಬ್ಯಾಕ್ಟರನ್ನು ಶುದ್ಧ ಲವಣಗಳ ನೀರಿನಲ್ಲಿ ಬೆಳೆಸುತ್ತಿದ್ದ. ಇಂಥ ನೀರಿಗೆ ಮಣ್ಣಿನ ಸಾರ ಸ್ವಲ್ಪ ಬೆರೆಸಿದರೆ ಅದು ಹುಲುಸಾಗುತ್ತದೆಂದು ಆ ಕಾಲದವರಿಗೆ ತಿಳಿದಿತ್ತು. ಮಣ್ಣಿನಲ್ಲಿರುವ ಆ ಏನೋ ಒಂದು ಯಾವುದು ಎಂಬುದು ತಿಳಿದಿರಲಿಲ್ಲ. ಬೋರ್ಟೆಲ್ಸ್ 1930ರಲ್ಲಿ ಅದನ್ನು ಮಾಲಿಬ್ಡಿನಂ ಎಂದು ಹೆಸರಿಸಿದ. ಆ ಹೆಸರು ಕೇಳಿದವರೇ ಆಗ ಕಡಿಮೆ. ಗ್ರೀಕರಲ್ಲಿ ಸೀಸಕ್ಕೆ ಇದ್ದ ಹೆಸರಿನಿಂದ ಬಂದ ಪದ ಅದು. ಅದರ ಬೂದುಬಣ್ಣದ ಅದಿರನ್ನು ಜನ ಸೀಸವೆಂದೂ ಪೆನ್ಸಿಲ್ ಕಡ್ಡಿಯ ವಸ್ತುವೆಂದೂ ತಪ್ಪು ತಿಳಿದಿದ್ದರು. 1778ರಲ್ಲಿ ಸ್ವೀಡನ್ನಿನ ಷೀಲೆ ಇದು ಬೇರೆಯದೇ ಎಂದು ತೋರಿಸಿದ ಮೇಲೂ ಯಾರದೋ ಹೆಸರು ಹೊತ್ತುಕೊಂಡೇ ಉಳಿಯಿತು. ಉಕ್ಕಿಗೆ ಬೆರೆಸುವುದು ಬಿಟ್ಟರೆ ಇದಕ್ಕೂ ಜೀವಕ್ಕೂ ಸಂಬಂಧವಿದೆಯೆಂದು ಯಾರೂ ಎಣಿಸಿರಲಿಲ್ಲ. ಬೋರ್ಟೆಲ್ಸ್ ಇನ್ನೂ ಒಂದು ಮಾತು ಹೇಳಿದ: ಮಾಲಿಬ್ಡಿನಂ ಇಲ್ಲದಿದ್ದರೆ ವೆನೇಡಿಯಂ ಎಂಬ ಲೋಹವೂ ಸ್ವಲ್ಪಮಟ್ಟಿಗೆ ಆ ಕೆಲಸ ತೂಗಿಸುತ್ತದೆ. ಈ ಎರಡನೆಯ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಆಸ್ಟ್ರೇಲಿಯಾ. ಅಡಿಲೇಡ್ ನಗರದ ಹತ್ತಿರದ ಗುಡ್ಡಗಳಲ್ಲಿ ಮೆಡೋಸ್ ಎಂಬ ಊರು. ಅಲ್ಲಿನದು ಕಬ್ಬಿಣದ ಹರಳುಗಳು ತುಂಬಿದ ಹುಳಿ ಮಣ್ಣು. ಮಲೆನಾಡಿನ, ಕರಾವಳಿಯ ಮುರಕಲ್ಲು ಮಣ್ಣು ನೋಡಿದವರಿಗೆ ಅದರ ಜಾತಿ ಬೇಗ ಅರ್ಥವಾದೀತು. ಅಲ್ಲಿ ದನಕುರಿಗಳ ಮೇವಿಗೆಂದು ಬಿತ್ತುತ್ತಿದ್ದುದು ಕ್ಲೋವರಿನ ಒಂದು ಬಗೆ. ಕಡಲೆಕಾಯಿಯ ಹಾಗೆ ತನ್ನ ಬೀಜವನ್ನು ತಾನೇ ನೆಲದೊಳಗೆ ಹೂತುಕೊಳ್ಳುವ ಜಾಣ ಗಿಡ. ಆದರೆ ಸೂಪರ್ ಫಾಸ್ಫೇಟ್ ಸುರಿದರೂ ಗಿಡ ಕುಳ್ಳಾಗಿ, ಹಳದಿಯಾಗಿ ಉಳಿಯುತ್ತಿತ್ತು. ಸುಣ್ಣ ಹಾಕಿದರೆ ಚೇತರಿಕೆ. ಮರದ ಬೂದಿ ಹಾಕಿದರೂ ಚೇತರಿಕೆ.

ಬೂದಿ! ಈ ಸಾಲು ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಕೂತೆ. ಹಳದಿ ಎಲೆಯ ಆ ಕಡೇ ಸಾಲು ಕಣ್ಣೆದುರಿಗೆ ಬಂತು.

ಅಲ್ಲಿ ಕೆಲಸ ಮಾಡುತ್ತಿದ್ದ ಸರ್ಕಾರಿ ಸಂಶೋಧಕ ಎ.ಜೆ. ಆಂಡರ್ಸನ್ ನನ್ನ ಹಾಗೆ 'ಪೊಟ್ಯಾಷ್ ಇರಬೇಕು' ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಬೂದಿಯಲ್ಲಿ ಏನೇನಿರಬಹುದೋ ಅವುಗಳನ್ನು ಬೇರೆಬೇರೆಯಾಗಿ ಹಾಕಿ ನೋಡಿದ. 1942ರಲ್ಲಿ, ಮಹಾಯುದ್ಧ ಜೋರಾಗಿದ್ದಾಗ, ಅವನ ವರದಿ ಅಚ್ಚಾಯಿತು: ಆ ಮಣ್ಣಿಗೆ ಕೊರತೆಯಿದ್ದದ್ದು ಮಾಲಿಬ್ಡಿನಂ. ಬೇಕಾದದ್ದು ಎಕರೆಗೆ ಒಂದೆರಡು ಔನ್ಸ್, ಅಂದರೆ ಸುಮಾರು 30ರಿಂದ 60 ಗ್ರಾಂ ಮಾತ್ರ. ನಾಲ್ಕು ಜನರಿಗೆ ಕಾಫಿ ಮಾಡಲು ನಾವು ಹಾಕುವ ಸಕ್ಕರೆಯಷ್ಟನ್ನು ಇಡೀ ಎಕರೆಗೆ ಹರಡಿದರೆ ಗೋಮಾಳದ ಬಣ್ಣವೇ ಬದಲಾಗುತ್ತಿತ್ತು. ಅದೂ ವರ್ಷವರ್ಷ ಬೇಡ. ಒಂದು ಸಲ ಹಾಕಿದರೆ ಹಲವು ವರ್ಷಕ್ಕೆ ಸಾಕು.

ಅಷ್ಟು ಚಿಕ್ಕ ಪ್ರಮಾಣವನ್ನು ಅಷ್ಟು ದೊಡ್ಡ ಜಾಗಕ್ಕೆ ಎರಚುವುದು ಹೇಗೆ? ಸಾರಿಗೆ ಇಂಗನ್ನು ಹೇಗೆ ಹಾಕುತ್ತೇವೋ ಹಾಗೆ. ನೇರವಾಗಿ ಹಾಕಿದರೆ ಒಬ್ಬರ ಎಲೆಗೆ ಗಟ್ಟಿ ಬೀಳುತ್ತದೆ, ಇನ್ನೊಬ್ಬರಿಗೆ ವಾಸನೆಯೂ ಇಲ್ಲ. ನೀರಲ್ಲಿ ಕದಡಿ ಹಾಕಬೇಕು. ಅವರು ಸೂಪರ್ ಫಾಸ್ಫೇಟಿಗೆ ಬೆರೆಸಿ ಹಾಕಿದರು. ಮುಂದಿನ ವರ್ಷಗಳಲ್ಲಿ ಆಸ್ಟ್ರೇಲಿಯಾದ ಲಕ್ಷಾಂತರ ಎಕರೆ ಹುಳಿ ಮಣ್ಣಿಗೆ ಹಾಗೆ ಬೆರೆಸಿದ ಗೊಬ್ಬರ ಬಿತ್ತು. ಕಾಳಿನ ಬೆಳೆಗಳ ಬಿತ್ತನೆ ಬೀಜಕ್ಕೆ ಮಾಲಿಬ್ಡಿನಂ ಲವಣವನ್ನು ಲೇಪಿಸುವ ಕ್ರಮ ನಮ್ಮ ದೇಶದಲ್ಲೂ ಇದೆ.

ಕೊರತೆಯ ಗಿಡಕ್ಕೆ ಸಾರಜನಕದ ಗೊಬ್ಬರವನ್ನೇ ನೇರವಾಗಿ ಕೊಟ್ಟರೆ ಮಾಲಿಬ್ಡಿನಂ ಇಲ್ಲದೆಯೂ ಹಸಿರಾಗುತ್ತಿತ್ತು. ಅಂದರೆ ಗಿಡ ಸೊರಗಿದ್ದು ಗಾಳಿಯಿಂದ ಸಾರಜನಕ ಹಿಡಿಯುವ ಕೆಲಸ ಕೆಟ್ಟದ್ದರಿಂದ. ಬೇರಿನಲ್ಲಿ ಗಂಟುಗಳಿರುತ್ತಿದ್ದವು, ಒಳಗೆ ಬ್ಯಾಕ್ಟೀರಿಯಾ ಇರುತ್ತಿತ್ತು, ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಒಲೆ, ಸೌದೆ, ಅಕ್ಕಿ, ನೀರು ಎಲ್ಲ ಇದ್ದು ಬೆಂಕಿಪೊಟ್ಟಣವಿಲ್ಲದ ಅಡುಗೆಮನೆ!

ಇನ್ನೊಂದು ವಿಚಿತ್ರವಿದೆ. ಆ ಮಣ್ಣಿನಲ್ಲಿ ಮಾಲಿಬ್ಡಿನಂ ಇಲ್ಲವೇ ಇಲ್ಲ ಎಂದಲ್ಲ. ಇರುವ ಸ್ವಲ್ಪವನ್ನು ಹುಳಿ ಮಣ್ಣಿನ ಕಬ್ಬಿಣ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಸುಣ್ಣವೋ ಬೂದಿಯೋ ಬಿದ್ದು ಹುಳಿ ಇಳಿದರೆ ಹಿಡಿತ ಸಡಿಲುತ್ತದೆ. ಬೂದಿಯಲ್ಲಿ ತನ್ನ ಪಾಲಿನ ಮಾಲಿಬ್ಡಿನಂ ಕೂಡ ಸ್ವಲ್ಪ ಇರುತ್ತದೆ. ಹೀಗೆ ಬೂದಿ ಎರಡು ಕಡೆಯಿಂದಲೂ ಉಪಕಾರಿ. ಕಬ್ಬಿಣ ಮಾತ್ರ ಇಲ್ಲಿ ಅತ್ತೆಯ ಪಾತ್ರ ಮಾಡುತ್ತದೆ. ತಾನೂ ದುಡಿಯುತ್ತದೆ, ಇನ್ನೊಬ್ಬರ ಕೈಯನ್ನೂ ಕಟ್ಟಿಹಾಕುತ್ತದೆ.

ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಭಾಷಣ ಮಾಡುವವರ ಪೈಕಿ ನಾನಲ್ಲ. ಅಜ್ಜಿಗೆ ಮಾಲಿಬ್ಡಿನಂ ಗೊತ್ತಿರಲಿಲ್ಲ. ನನ್ನ ಸಾಲು ಹಳದಿಯಾದದ್ದಕ್ಕೆ ಮಣ್ಣಿನ ಹುಳಿ, ಪೊಟ್ಯಾಷ್, ಸುಣ್ಣದಂಶದ ಕೊರತೆ ಎಲ್ಲವೂ ಸೇರಿರಬಹುದು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಬೂದಿ ಹಾಕಿದರೆ ಅಲಸಂದೆ ಬರುತ್ತದೆ, ಹಾಕದಿದ್ದರೆ ಬರುವುದಿಲ್ಲ. ಆಂಡರ್ಸನ್ ಶುರುಮಾಡಿದ್ದೂ ಅಷ್ಟರಿಂದಲೇ. ನನ್ನ ತಪ್ಪೆಂದರೆ ಕಣ್ಣೆದುರಿಗಿದ್ದ ಎರಡು ಸಾಲುಗಳಿಗಿಂತ ನೋಟ್ಸನ್ನು ಹೆಚ್ಚು ನಂಬಿದ್ದು.

ಚಿಟಿಕೆ ಒಳ್ಳೆಯದೆಂದು ಹಿಡಿಗಟ್ಟಲೆ ಹಾಕುವವರಿಗೂ ಒಂದು ಮಾತು. ಇಂಗ್ಲೆಂಡಿನ ಸಾಮರ್ಸೆಟ್‌ನ ಕೆಲವು ಹುಲ್ಲುಗಾವಲುಗಳಲ್ಲಿ ಮೇದ ದನಗಳು ವಿಪರೀತ ಭೇದಿಯಾಗಿ ಬಡಕಲಾಗುತ್ತಿದ್ದವು. ಬಹಳ ಕಾಲದ ಈ ಪೀಡೆಗೆ ಹುಲ್ಲಿನಲ್ಲಿದ್ದ ಹೆಚ್ಚಿನ ಮಾಲಿಬ್ಡಿನಂ ಕಾರಣವೆಂದು ತಿಳಿದದ್ದು 1930ರ ದಶಕದ ಕೊನೆಗೆ. ಅದು ದನದ ಮೈಯ ತಾಮ್ರಕ್ಕೆ ಅಡ್ಡಬರುತ್ತದೆ. ಮೈಲುತುತ್ತ ಸ್ವಲ್ಪ ಕೊಟ್ಟರೆ ದನ ಸುಧಾರಿಸುತ್ತಿತ್ತು.

ಕಬ್ಬಿಣವನ್ನು ಅತ್ತೆ ಎಂದು ಬೈದದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಅಲಸಂದೆಯ ಅಥವಾ ಕಡಲೆಕಾಯಿಯ ಗಿಡವನ್ನು ಹೂಬಿಡುವ ಹೊತ್ತಿಗೆ ಮೆಲ್ಲಗೆ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು. ಬೀಟ್‌ರೂಟಿನ ಕೆಂಪಲ್ಲ, ರಕ್ತದ್ದೇ ಕೆಂಪು. 1939ರಲ್ಲಿ ಜಪಾನಿನ ಕುಬೋ ಸೋಯಾ ಗಿಡದ ಗಂಟಿನ ಈ ಬಣ್ಣವನ್ನು ಪರೀಕ್ಷಿಸಿ, ಇದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವೇ ಎಂದು ತೋರಿಸಿದ. ಇದಕ್ಕೆ ಲೆಗ್‌ಹಿಮೋಗ್ಲೋಬಿನ್ ಎಂದು ಹೆಸರು. ನಡುವೆ ಕಬ್ಬಿಣ, ಸುತ್ತ ಅದೇ ಬಗೆಯ ಚೌಕಟ್ಟು. ಡಾಕ್ಟರರು ನಮ್ಮ ಕಣ್ಣ ರೆಪ್ಪೆ ಎಳೆದು ನೋಡಿ 'ರಕ್ತ ಕಡಿಮೆ ಇದೆ' ಎನ್ನುವಂತೆಯೇ ಕೃಷಿಯವರು ಗಂಟು ಸೀಳಿ ನೋಡುತ್ತಾರೆ. ಕೆಂಪಗಿದ್ದರೆ ಆರೋಗ್ಯ, ಬೆಳ್ಳಗೋ ಹಸಿರಾಗೋ ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ. 2016ರಲ್ಲಿ ಅಮೆರಿಕದ ಒಂದು ಕಂಪನಿ ಸೋಯಾದ ಈ ವಸ್ತುವನ್ನೇ ಬಳಸಿ ಮಾಂಸದ ಬಣ್ಣ, ರುಚಿ ಬರುವ ಸಸ್ಯಾಹಾರಿ ಬರ್ಗರ್ ಮಾರಾಟಕ್ಕಿಟ್ಟಿತು. ಈರುಳ್ಳಿಯನ್ನೂ ಒಳಗೆ ಬಿಡದಿದ್ದ ನಮ್ಮಜ್ಜಿಗೆ ಅಲಸಂದೆ ಬೇರಿನಲ್ಲಿ ರಕ್ತವಿದೆ ಎಂದು ನಾನು ಆಗಲೇ ಹೇಳಿದ್ದರೆ ಏನಾಗುತ್ತಿತ್ತೋ!

ಗಿಡಕ್ಕೆ ರಕ್ತವೇಕೆ? ಸಾರಜನಕದ ಜೋಡಿ ಬಿಡಿಸುವ ಕಿಣ್ವಕ್ಕೆ ಆಮ್ಲಜನಕ ತಗಲಿದರೆ ಕೆಟ್ಟುಹೋಗುತ್ತದೆ. ಆದರೆ ಅದನ್ನು ನಡೆಸುವ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಕೆಂಪು ಹಿಮೋಗ್ಲೋಬಿನ್ ಆಮ್ಲಜನಕವನ್ನು ತಾನು ಹಿಡಿದುಕೊಂಡು, ಲೆಕ್ಕ ಹಾಕಿ, ಬೇಕಾದಷ್ಟನ್ನೇ ಒಳಗೆ ಬಡಿಸುತ್ತದೆ. ತಿಂಗಳ ಕೊನೆಯ ವಾರ ಮನೆ ನಡೆಸಿದವರಿಗೆ ಈ ಕೌಶಲ ಹೊಸದಲ್ಲ.

ಮೂರನೆಯ ಲೋಹ ಕೋಬಾಲ್ಟ್. ಇದರ ಕಥೆಯೂ ಆಸ್ಟ್ರೇಲಿಯಾದ ಕುರಿಗಳಿಂದಲೇ ಆರಂಭ. ಕರಾವಳಿಯ ಹುಲ್ಲು ಹೊಟ್ಟೆತುಂಬ ತಿಂದೂ ಕುರಿಗಳು ಕೃಶವಾಗಿ ಸಾಯುತ್ತಿದ್ದವು. ಅತ್ಯಲ್ಪ ಕೋಬಾಲ್ಟ್ ಕೊಟ್ಟರೆ ಬದುಕುತ್ತವೆ ಎಂದು 1935ರ ಹೊತ್ತಿಗೆ ಗೊತ್ತಾಯಿತು. ಏಕೆಂದು ತಿಳಿದದ್ದು 1948ರಲ್ಲಿ, ಬಿ12 ಜೀವಸತ್ವವನ್ನು ಬೇರ್ಪಡಿಸಿ ಅದರ ನಡುವೆ ಕೋಬಾಲ್ಟ್ ಕಂಡಾಗ. 1960ರ ಸುಮಾರಿಗೆ ಬೇರುಗಂಟಿನ ಬ್ಯಾಕ್ಟೀರಿಯಾಕ್ಕೂ ಅದೇ ಬಿ12, ಅದೇ ಕೋಬಾಲ್ಟ್ ಬೇಕು ಎಂದು ಸಿದ್ಧವಾಯಿತು. ಆ ಪ್ರಯೋಗಕ್ಕೆ ಲವಣಗಳನ್ನೆಲ್ಲ ಮತ್ತೆಮತ್ತೆ ಶುದ್ಧ ಮಾಡಬೇಕಾಯಿತು. ಪುಡಿಯಲ್ಲಿ ಅರಿಯದೆ ಸೇರಿದ ಕೊಳೆಯಷ್ಟು ಕೋಬಾಲ್ಟೇ ಗಿಡಕ್ಕೆ ಸಾಕಾಗಿಬಿಡುತ್ತಿತ್ತು! ಬಿ12 ಕಡಿಮೆಯೆಂದು ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ನಮ್ಮಂಥ ಸಸ್ಯಾಹಾರಿಗಳು ಅಲಸಂದೆ ತಿಂದರೆ ಸಾಲದೇ ಎಂದು ಕೇಳಬಹುದು. ಸಾಲದು. ಆ ಬಿ12 ಬೇರಿನ ಬಾಡಿಗೆದಾರರ ಸ್ವಂತದ್ದು, ಕಾಳಿಗೆ ಏರಿ ಬರುವುದಿಲ್ಲ.

ಬಿ12ರ ಅಣು ಹೇಗಿದೆ ಎಂದು ಬಿಡಿಸಿ ತೋರಿಸಿದವಳು ಡೊರೊಥಿ ಹಾಡ್ಜ್‌ಕಿನ್, 1956ರಲ್ಲಿ. ಮೂರು ಮಕ್ಕಳ ತಾಯಿ. ಎಳೆ ವಯಸ್ಸಿನಿಂದಲೇ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಂದಲೇ ಹರಳುಗಳನ್ನು ಹಿಡಿದು ಕ್ಷಕಿರಣಕ್ಕೆ ಒಡ್ಡುತ್ತಿದ್ದಳು. 1964ರಲ್ಲಿ ನೊಬೆಲ್ ಬಂದಾಗ ಬ್ರಿಟನ್ನಿನ ಪತ್ರಿಕೆಯೊಂದು 'ಆಕ್ಸ್‌ಫರ್ಡಿನ ಗೃಹಿಣಿಗೆ ನೊಬೆಲ್' ಎಂದು ತಲೆಬರಹ ಕೊಟ್ಟಿತು. ಗೃಹಿಣಿ ಎಂಬುದು ಬೈಗುಳವಲ್ಲ ಎಂದು ವಾದಿಸಬಹುದು. ಆದರೆ ಗಂಡಸರಿಗೆ ಬಂದಾಗ 'ಗೃಹಸ್ಥನಿಗೆ ನೊಬೆಲ್' ಎಂದು ಬರೆದದ್ದನ್ನು ನಾನಂತೂ ಕಂಡಿಲ್ಲ. ಅವಳ ಪ್ರಯೋಗಶಾಲೆಯಲ್ಲಿ ಪಳಗಿದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ವಿದ್ಯೆಯನ್ನು ಬೆಳೆಸಿದರು.

ಕೊನೆಗೆ ಬೀಗದ ಕೈಗೇ ಬರೋಣ. 1960ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಾವನ್ನು ಒಡೆದು ತೆಗೆದ ರಸದಲ್ಲಿಯೇ ಸಾರಜನಕ ಹಿಡಿಯುವ ಕೆಲಸ ನಡೆಸಿ ತೋರಿಸಿದರು. ಆ ಕಿಣ್ವ ಎರಡು ಭಾಗದ್ದು ಎಂದು ತಿಳಿಯಿತು. ಒಂದರಲ್ಲಿ ಕಬ್ಬಿಣ, ಇನ್ನೊಂದರಲ್ಲಿ ಕಬ್ಬಿಣ ಮತ್ತು ಮಾಲಿಬ್ಡಿನಂ. ಮೊದಲನೆಯದು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ತಂದುಕೊಡುತ್ತದೆ, ಎರಡನೆಯದು ಸಾರಜನಕವನ್ನು ಹಿಡಿದು ಜೋಡಿ ಬಿಡಿಸುತ್ತದೆ. ಕೆಲಸ ಪುಕ್ಕಟೆಯಲ್ಲ. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ, ಒಂದು ಜೋಡಿಗೆ ಕಡಿಮೆಯೆಂದರೂ 16 ಬೇಕು. ಅದನ್ನೆಲ್ಲ ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯಿಂದ ತೆರುತ್ತದೆ. 1977ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿನೋದ್ ಷಾ ಮತ್ತು ಬ್ರಿಲ್ ಆ ಎರಡನೆಯ ಭಾಗದೊಳಗಿನ ಲೋಹದ ಗೊಂಚಲನ್ನೇ ಬಿಡಿಸಿ ಹೊರತೆಗೆದರು. 1992ರಲ್ಲಿ ಕ್ಯಾಲಿಫೋರ್ನಿಯಾದ ಕಿಮ್ ಮತ್ತು ರೀಸ್ ಅದರ ಆಕಾರ ಕಂಡರು: ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಅವನ್ನು ಹೆಣೆದ ಗಂಧಕ. ನನಗೆ ಕೂಡಲೇ ನೆನಪಾದದ್ದು ಏಳು ಕಲ್ಲಿನ ಬೆಂಡೋಲೆ. ಆಕಾರ ಹಾಗೇನೂ ಇಲ್ಲ, ಆದರೂ ಲೆಕ್ಕ ಕೂಡಿತಲ್ಲ! ಗೊಂಚಲಿನ ಒಳಗೆ ಏನೋ ಒಂದು ಪರಮಾಣು ಅಡಗಿದೆ ಎಂದು 2002ರಲ್ಲಿ ಗೊತ್ತಾಯಿತು. ಅದು ಇಂಗಾಲ ಎಂದು ತೀರ್ಮಾನವಾಗಲು 2011 ಬಂತು. ಆಗ ಬೇರೆಬೇರೆ ವಿಧಾನದಿಂದ ಅದೇ ಉತ್ತರಕ್ಕೆ ಬಂದ ಎರಡು ತಂಡಗಳಲ್ಲಿ ಒಂದನ್ನು ನಡೆಸಿದವಳು ಸೆರೀನಾ ಡಿಬೀರ್ ಎಂಬ ವಿಜ್ಞಾನಿ.

ಬೋರ್ಟೆಲ್ಸನ ಆ ಎರಡನೆಯ ಮಾತು ಏನಾಯಿತು? 1980ರಲ್ಲಿ ಅಮೆರಿಕದ ಬಿಷಪ್, ಮಾಲಿಬ್ಡಿನಂ ಇಲ್ಲದೆಯೂ ಅಜೋಟೋಬ್ಯಾಕ್ಟರ್ ಬೇರೆ ಕಿಣ್ವದಿಂದ ಕೆಲಸ ನಡೆಸುತ್ತದೆ ಎಂದಾಗ ಬಹಳ ಮಂದಿ ನಂಬಲಿಲ್ಲ. ಪಾತ್ರೆಯಲ್ಲಿ ಎಲ್ಲೋ ಕೊಳೆ ಉಳಿದಿರಬೇಕು ಎಂದರು. 1986ರಲ್ಲಿ ವೆನೇಡಿಯಂ ಇರುವ ಕಿಣ್ವವನ್ನೇ ಶುದ್ಧ ಮಾಡಿ ಕೈಗಿಟ್ಟ ಮೇಲೆ ಒಪ್ಪಿದರು. ಎರಡೂ ಇಲ್ಲದೆ ಬರೀ ಕಬ್ಬಿಣದಿಂದ ನಡೆಯುವ ಮೂರನೆಯದೂ ಇದೆ. ಅದು ಇನ್ನೂ ನಿಧಾನ, ಖರ್ಚು ಹೆಚ್ಚು. ತುಪ್ಪವಿಲ್ಲದಾಗ ಎಣ್ಣೆ, ಎಣ್ಣೆಯೂ ಇಲ್ಲದಾಗ ಬರೀ ಕಾವಲಿಯ ಮೇಲೆ ಸುಡುವುದು. ಆದರೆ ಬೇರುಗಂಟಿನಲ್ಲಿ ವಾಸಿಸುವ ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಈ ಬದಲಿ ಏರ್ಪಾಡು ಇಲ್ಲ. ಅಲಸಂದೆಗೆ ಮಾಲಿಬ್ಡಿನಮ್ಮೇ ಆಗಬೇಕು.

ಊರಿನ ಮನೆಯಲ್ಲಿ ಈಗ ಬಚ್ಚಲ ಒಲೆ ಇಲ್ಲ. ಮಾಡಿನ ಮೇಲೆ ಸೋಲಾರ್ ಇದೆ, ಮಳೆಗಾಲಕ್ಕೆ ಗ್ಯಾಸ್ ಗೀಸರ್. ಅಜ್ಜಿಯ ಬೂದಿ ಡಬ್ಬ ಎಲ್ಲಿ ಹೋಯಿತೋ. ಅಡಿಕೆ ಬೇಯಿಸುವ ದಿನಗಳಲ್ಲಿ ಮಾತ್ರ ಅಂಗಳದ ದೊಡ್ಡ ಒಲೆ ಉರಿಯುತ್ತದೆ. ಹೋದ ವರ್ಷ ಅತ್ತಿಗೆಗೆ ಫೋನ್ ಮಾಡಿ, "ಒಲೆ ಬೂದಿ ಚೆಲ್ಲಬೇಡ, ನಂಗೊಂದು ಡಬ್ಬ ಇಡು" ಎಂದೆ. "ಪಾತ್ರೆ ತಿಕ್ಕೂಕಾ? ಲಿಕ್ವಿಡ್ ಇಲ್ವಾ ನಿಮ್ಮಲ್ಲಿ?" ಎಂದು ನಕ್ಕಳು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮನೆಯ ಹಿಂದೆ ನಾಲ್ಕಡಿ ಜಾಗದಲ್ಲಿ ಎರಡು ಸಾಲು ಅಲಸಂದೆ ಹಾಕಿದ್ದೆ. ಈ ಸಲ ಎರಡೂ ಸಾಲಿಗೆ ಎರಚಿದೆ, ಕಡೇ ಸಾಲಿಗೆ ಮೊದಲು. ಹೂಬಂದಾಗ ಒಂದು ಗಿಡ ಕಿತ್ತು ಬೇರು ತೊಳೆದು ಗಂಟು ಸೀಳಿದೆ. ಉಗುರಿನ ಸಂದಿಗೆ ಹತ್ತಿದ ಕೆಂಪು ಸಂಜೆ ಪಾತ್ರೆ ತೊಳೆಯುವವರೆಗೂ ಹಾಗೇ ಇತ್ತು.